ಹಲ್ಲಿಗಿಂತ ಮೊದಲು ನಿದ್ದೆಯ ವಿಚಾರ

ಮಕ್ಕಳ ವಕ್ರದಂತ ಸರಿಮಾಡುವುದು ನನ್ನ ಕೆಲಸ. ಶುರುವಿನ ವರ್ಷಗಳಲ್ಲಿ ನಾನು ನೋಡುತ್ತಿದ್ದದ್ದು ಹಲ್ಲು ಮಾತ್ರ. ಮಗು ರಾತ್ರಿ ಹೇಗೆ ಮಲಗುತ್ತದೆ ಅಂತ ಕೇಳಬೇಕು ಅನಿಸಿರಲೇ ಇಲ್ಲ.

ಅದನ್ನು ಕಲಿಸಿದ್ದು ಎಂಟು ವರ್ಷದ ಒಬ್ಬ ಹುಡುಗ. ಮೇಲ್ದವಡೆ ಕಿರಿದಾಗಿತ್ತು, ಒಂದು ಪಕ್ಕ ಕ್ರಾಸ್‌ಬೈಟ್ ಇತ್ತು, ಅಂದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಒಳಗಡೆ ಕೂರುತ್ತಿದ್ದವು. ಮೇಲ್ದವಡೆ ಅಗಲ ಮಾಡುವ ತಿರುಪಿನ ಸಾಧನ, ಎಕ್ಸ್‌ಪ್ಯಾಂಡರ್, ಹಾಕಿದೆ, ಹಲ್ಲು ಚೆನ್ನಾಗಿ ಕೂತವು. ಕೊನೆಯ ಭೇಟಿಯಲ್ಲಿ ಅವನ ತಾಯಿ ಎದ್ದು ಹೊರಡುತ್ತಾ, "ಡಾಕ್ಟ್ರೇ, ಇವನ ಗೊರಕೆ ಮಾತ್ರ ನಿಲ್ಲಲಿಲ್ಲ ನೋಡಿ. ಈಗಲೂ ಹಾಸಿಗೆ ಒದ್ದೆ ಮಾಡ್ತಾನೆ" ಅಂದರು. ಎರಡೂ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ (ಸ್ಲೀಪ್ ಆಪ್ನಿಯಾ) ಗುರುತಾಗಿರಬಹುದು. ನಾಲಿಗೆ ಒತ್ತಿ ಗಂಟಲು ನೋಡಿದೆ. ಎರಡೂ ಟಾನ್ಸಿಲ್ ನಡುವೆ ಹೆಚ್ಚು ಕಡಿಮೆ ಒಂದಕ್ಕೊಂದು ತಾಗುತ್ತಿದ್ದವು. ಅಷ್ಟು ತಿಂಗಳು ಅದೇ ಬಾಯೊಳಗೆ ಕೈ ಹಾಕಿದ್ದು ನಾನೇ, ಸ್ವಲ್ಪ ಹಿಂದಕ್ಕೆ ಕಣ್ಣು ಹೋಗಿರಲಿಲ್ಲ!

ಈಗ ಮಗು ಒಳಗೆ ಬರುವಾಗಲೇ ತುಟಿ ನೋಡುತ್ತೇನೆ. ಸುಮ್ನೆ ಕೂತಾಗಲೂ ಬಾಯಿ ತೆರೆದೇ ಇದೆಯಾ? ಮುಖ ಉದ್ದವಾಗಿ, ಗದ್ದ ಹಿಂದಕ್ಕೆ ಸರಿದಂತಿದೆಯಾ? ಆಮೇಲೆ ಅಂಗುಳ. ಅಂಗುಳ ಬಾಯಿಗೆ ಚಾವಣಿ, ಮೂಗಿಗೆ ನೆಲ. ಅದು ಕಿರಿದಾಗಿ ಗೋಪುರದಂತೆ ಮೇಲೆದ್ದಿದ್ದರೆ ಮೂಗಿನ ಹಾದಿಯೂ ಇಕ್ಕಟ್ಟು, ನಾಲಿಗೆಗೂ ಜಾಗ ಇಲ್ಲ. ಕೆಳದವಡೆ ಹಿಂದಿದ್ದರೆ ನಾಲಿಗೆ ಗಂಟಲ ಕಡೆಗೆ ಸರಿಯುತ್ತದೆ. ನಿದ್ದೆಯಲ್ಲಿ ಸ್ನಾಯು ಸಡಿಲವಾದಾಗ ಉಸಿರಿಗೆ ಉಳಿಯುವುದು ಸಣ್ಣ ಸಂದಿ.

ದವಡೆಯಿಂದ ಬಾಯುಸಿರಾ, ಬಾಯುಸಿರಿನಿಂದ ದವಡೆಯಾ? ಎರಡೂ ಉಂಟು. ದಂತ ಸಂಶೋಧಕ ಎಗಿಲ್ ಹಾರ್ವೋಲ್ಡ್ ಎಳೆಯ ಕೋತಿಗಳ ಮೂಗು ಮುಚ್ಚಿ ಪ್ರಯೋಗ ಮಾಡಿದಾಗ ಅವುಗಳ ಹಲ್ಲಿನ ಸಾಲು, ದವಡೆ ಬದಲಾದವು. ಆದರೆ ಎಲ್ಲವೂ ಒಂದೇ ರೀತಿ ಬದಲಾಗಲಿಲ್ಲ. ಅದಕ್ಕೇ ಮುಖ ನೋಡಿಯೇ ಕಾಯಿಲೆ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ನನಗೆ ಜಾಸ್ತಿ ಉಪಯೋಗವಾಗಿದ್ದು ಫೋನಿನ ವಿಡಿಯೋ. ಮಗು ಗಾಢ ನಿದ್ದೆಯಲ್ಲಿರುವಾಗ ಎದೆ, ಮುಖ ಎರಡೂ ಕಾಣುವಂತೆ, ಶಬ್ದ ಕೇಳುವಂತೆ ತೆಗೆಯಲು ಹೇಳುತ್ತೇನೆ. ಕತ್ತು ಹಿಂದಕ್ಕೆ ಚಾಚಿ ಮಲಗುವುದು, ಉಸಿರೆಳೆಯುವಾಗ ಎದೆ ಒಳಕ್ಕೆ ಹೋಗುವುದು, ಗೊರಕೆ ನಿಂತು ಮತ್ತೆ ಏದುಸಿರಿನೊಂದಿಗೆ ಶುರುವಾಗುವುದು, ಎಲ್ಲ ಗೊತ್ತಾಗುತ್ತದೆ. ಹಗಲಿನ ಲಕ್ಷಣ ಮೋಸ ಮಾಡುತ್ತದೆ. ದೊಡ್ಡವರಾದರೆ ತೂಕಡಿಸುತ್ತಾರೆ. ಇಂಥ ಮಕ್ಕಳಲ್ಲಿ ಅನೇಕರು ಕೂತಲ್ಲಿ ಕೂರುವುದಿಲ್ಲ. "ತುಂಬಾ ತುಂಟ" ಅನ್ನುತ್ತಾರೆ, ಅಲ್ವಾ?

ಆದರೆ ವಿಡಿಯೋ ತೀರ್ಪಲ್ಲ. ಮಲಗಿದ್ದಾಗ ಉಸಿರನ್ನು ಅಳೆಯುವ ರಾತ್ರಿಯ ನಿದ್ದೆ ಪರೀಕ್ಷೆಯೇ ಬೇಕು. ಗಂಟೆಗೆ 5 ಸಲಕ್ಕಿಂತ ಕಡಿಮೆ ಉಸಿರು ಕಟ್ಟಿದರೆ ದೊಡ್ಡವರಲ್ಲಿ ಸಾಮಾನ್ಯ ಅನ್ನುತ್ತೇವೆ. ಮಕ್ಕಳಲ್ಲಿ 1 ದಾಟಿದರೂ ಗಮನಿಸಬೇಕು.

ಟಾನ್ಸಿಲ್ ಅಥವಾ ಮೂಗಿನ ಹಿಂಭಾಗದಲ್ಲಿರುವ ಅಂಥದೇ ಗಂಟು, ಅಡಿನಾಯ್ಡ್, ದೊಡ್ಡದಿದ್ದರೆ ಮೊದಲು ಇಎನ್‌ಟಿ ಡಾಕ್ಟರ್ ಹತ್ತಿರ ಕಳಿಸುತ್ತೇನೆ. 2013ರಲ್ಲಿ ಪ್ರಕಟವಾದ, 464 ಮಕ್ಕಳ ಅಧ್ಯಯನದಲ್ಲಿ ಬೇಗ ಆಪರೇಷನ್ ಆದವರಲ್ಲಿ 79% ಮಕ್ಕಳ ನಿದ್ದೆ ಪರೀಕ್ಷೆ ಸರಿಯಾಯಿತು. ಕಾದು ನೋಡಿದವರಲ್ಲೂ 46% ಸರಿಯಾದರು. ಹಾಗಾಗಿ ಯಾರನ್ನೂ ಹೆದರಿಸಿ ಓಡಿಸುವುದಿಲ್ಲ.

ದವಡೆ ನಿಜಕ್ಕೂ ಕಿರಿದಾಗಿದ್ದರೆ ಮಾತ್ರ ಎಕ್ಸ್‌ಪ್ಯಾಂಡರ್. ಅಂಗುಳದ ನಡುವಿನ ಮೂಳೆಯ ಕೂಡು ಗಟ್ಟಿಯಾಗುವ ಮೊದಲು, ಅಂದರೆ ಪ್ರಾಯಕ್ಕೆ ಬರುವ ಮುಂಚೆ, ಅದು ಸುಲಭವಾಗಿ ಬಿಡುತ್ತದೆ. ತಿರುಪನ್ನು ಒಂದು ಸಲ ತಿರುಗಿಸಿದರೆ ಸಾಮಾನ್ಯವಾಗಿ ಕಾಲು ಮಿಲಿಮೀಟರ್. ಕೆಲವೇ ದಿನಕ್ಕೆ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಬೀಳುತ್ತದೆ. ಮೊದಲೇ ಹೇಳದಿದ್ದರೆ ತಾಯಂದಿರು ಗಾಬರಿಯಿಂದ ಫೋನ್ ಮಾಡುತ್ತಾರೆ. ಅದು ಕೆಲಸ ಆಗುತ್ತಿರುವ ಗುರುತು, ಆಮೇಲೆ ತಾನೇ ಕೂಡಿಕೊಳ್ಳುತ್ತದೆ. ಅಗಲವಾದ ಮೇಲೂ ಹೊಸ ಮೂಳೆ ತುಂಬಲು ಕೆಲವು ತಿಂಗಳು ಹಾಗೇ ಬಿಡುತ್ತೇನೆ.

ಆ ಹುಡುಗನನ್ನೂ ಕೊನೆಗೆ ಇಎನ್‌ಟಿಗೆ ಕಳಿಸಿದೆ, ತಡವಾಗಿ. ಈಗ ಎಕ್ಸ್‌ಪ್ಯಾಂಡರ್ ತೆಗೆಯುವ ದಿನ ಹೊಸ ವಿಡಿಯೋ ತರಲು ಹೇಳುತ್ತೇನೆ. ಹಳೆಯದರ ಪಕ್ಕ ಇಟ್ಟು ಅಪ್ಪ ಅಮ್ಮನ ಜೊತೆ ಕೂತು ನೋಡುತ್ತೇನೆ. ಗೊರಕೆ ಉಳಿದಿದ್ದರೆ ಮತ್ತೆ ನಿದ್ದೆ ಪರೀಕ್ಷೆಗೆ ಬರೆದುಕೊಡುತ್ತೇನೆ, ಹಲ್ಲು ಎಷ್ಟೇ ಚೆಂದ ಕೂತಿದ್ದರೂ.