ಮೊದಲ ಆವೃತ್ತಿ: ಕೆಲಸ ಒಂದೇ, ಆದರೆ ಪೂರ್ತಿ

ಮೊದಲ ಆವೃತ್ತಿ ಮಾಡುವಾಗ ನಾನು ಕಡಿಮೆ ಮಾಡುವುದು ಫೀಚರ್‌ಗಳನ್ನು, ಅಚ್ಚುಕಟ್ಟನ್ನಲ್ಲ. ಗೆಳೆಯರ ನಡುವೆ ಖರ್ಚು ಹಂಚುವ ಆಪ್ ಎಂದುಕೊಳ್ಳಿ. ಖರ್ಚು ಬರೆಯುವುದು, ಯಾರು ಯಾರಿಗೆ ಎಷ್ಟು ಕೊಡಬೇಕೆಂದು ತೋರಿಸುವುದು, ಇಷ್ಟು ಸಾಕು. ಚಾರ್ಟ್ ಬೇಡ, ಬೇರೆ ದೇಶದ ಕರೆನ್ಸಿ ಬೇಡ. ‘ಶೀಘ್ರದಲ್ಲೇ ಬರಲಿದೆ’ ಎಂಬ ಬಟನ್ ಅಂತೂ ಬೇಡವೇ ಬೇಡ.

ಕೋಡ್ ಬರೆಯುವ ಮೊದಲು ನಾಲ್ಕೈದು ಜನರನ್ನು ಮಾತಾಡಿಸುತ್ತೇನೆ. ‘ಇಂಥ ಆಪ್ ಇದ್ದರೆ ಬಳಸ್ತೀರಾ?’ ಅಂದರೆ ದಾಕ್ಷಿಣ್ಯಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. ‘ಹೋದ ಸಲ ಲೆಕ್ಕ ಹೇಗೆ ಹಾಕಿದಿರಿ, ತೋರಿಸಿ’ ಅನ್ನಬೇಕು. ಚೀಟಿ, ಚಾಟ್ ಮೆಸೇಜು, ಎಕ್ಸೆಲ್ ಹಾಳೆ ಆಚೆ ಬರುತ್ತವೆ. ಎಲ್ಲಿ ಅವರಿಗೆ ತಲೆ ಕೆಡುತ್ತದೋ ಕಾಣುತ್ತದೆ.

ಲಾಗಿನ್ ಮೊದಲ ಪರದೆಯಲ್ಲಿ ಇರಬಾರದು. ಆಪ್ ತೆರೆದು ಮೊದಲ ಲೆಕ್ಕ ಕಾಣುವವರೆಗೆ ಒಂದು ನಿಮಿಷ, ಇದು ನಾನು ಹಾಕಿಕೊಂಡಿರುವ ಮಿತಿ. ಲೆಕ್ಕವನ್ನು ಬೇರೆಯವರಿಗೆ ಕಳಿಸುವ ಹೊತ್ತಿಗೆ ಖಾತೆ ಕೇಳಿದರೆ ಯಾರೂ ಬೇಸರಪಡುವುದಿಲ್ಲ.

ಹೆಚ್ಚು ಸಮಯ ಕೊಡಬೇಕಾದ್ದು ಯಾರೂ ಡಿಸೈನ್ ಮಾಡದೆ ಬಿಡುವ ಜಾಗಗಳಿಗೆ. ಡಿಸೈನ್ ಫೈಲಿನಲ್ಲಿ ಸಾಮಾನ್ಯವಾಗಿ ತುಂಬಿದ ಪಟ್ಟಿ ಇರುತ್ತದೆ, ಹೊಸಬರಿಗೆ ಕಾಣುವುದು ಖಾಲಿ ಪರದೆ. ಅಲ್ಲಿ ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆಯದೆ, ‘ಮೊದಲ ಖರ್ಚು ಬರೆಯಿರಿ’ ಎಂದು ಅಂಕಿಗಳ ಕೀಬೋರ್ಡ್ ತೆರೆದಿಡಿ. ಅಳಿಸುವಾಗ ‘ಖಚಿತವೇ?’ ಎಂದು ಕೇಳುವುದು ನಿಷ್ಪ್ರಯೋಜಕ, ಬೆರಳು ಓದದೆಯೇ ‘ಹೌದು’ ಒತ್ತಿಬಿಡುತ್ತದೆ. ಅಳಿಸಿಬಿಡಿ, ಕೆಳಗೆ ಕೆಲವು ಸೆಕೆಂಡು ‘ವಾಪಸ್ ತನ್ನಿ’ ಇಡಿ. ಬರೆದದ್ದು ಮೊದಲು ಫೋನಿನಲ್ಲೇ ಉಳಿಯಲಿ, ನೆಟ್‌ವರ್ಕ್ ಬಂದಾಗ ಸರ್ವರ್‌ಗೆ ಹೋಗಲಿ. ಒತ್ತಿದ 0.1 ಸೆಕೆಂಡಿನೊಳಗೆ ಏನಾದರೂ ಬದಲಾದರೆ ತಕ್ಷಣ ಆಯಿತು ಅನ್ನಿಸುತ್ತದೆ; 1 ಸೆಕೆಂಡು ದಾಟಿದರೆ ಗಮನ ಕದಲುತ್ತದೆ. ಬಟನ್ ಅಳತೆ ಆಂಡ್ರಾಯ್ಡ್‌ನಲ್ಲಿ 48 ಡಿಪಿ (ಡಿಪಿ, ಪಾಯಿಂಟ್ ಎರಡೂ ಪರದೆಯ ಅಳತೆಯ ಮಾನಗಳು), ಐಫೋನ್‌ನಲ್ಲಿ 44 ಪಾಯಿಂಟ್‌ಗಿಂತ ಕಡಿಮೆಯಾದರೆ ತಪ್ಪು ಒತ್ತು ಹೆಚ್ಚುತ್ತದೆ.

ಇನ್ನೊಂದು ಸಣ್ಣದು, ಆದರೆ ನಂಬಿಕೆ ನಿಂತಿರುವುದೇ ಇದರ ಮೇಲೆ. 100 ರೂಪಾಯಿಯನ್ನು ಮೂವರಿಗೆ ಹಂಚಿದರೆ 33.33ರಂತೆ 99.99 ಆಗುತ್ತದೆ. ಉಳಿದ 0.01 ಎಲ್ಲಿ? ಮೊತ್ತವನ್ನು ದಶಾಂಶದಲ್ಲಿಡದೆ ಅತಿ ಸಣ್ಣ ನಾಣ್ಯದ, ಅಂದರೆ ಪೈಸೆಯ, ಪೂರ್ಣಾಂಕವಾಗಿ ಇಡಿ. ಮಿಕ್ಕಿದ್ದನ್ನು ಒಬ್ಬರ ಪಾಲಿಗೆ ಸೇರಿಸಿ, ಅದು ಕಾಣುವಂತಿರಲಿ. ಮೊತ್ತ ತಾಳೆಯಾಗದ ಲೆಕ್ಕದ ಆಪನ್ನು ಯಾರೂ ಎರಡನೇ ಸಲ ತೆರೆಯುವುದಿಲ್ಲ.

ಪರೀಕ್ಷೆಗೆ 5 ಜನ. ಕೆಲಸ ಹೇಳಿ ಸುಮ್ಮನೆ ಕೂತು, ಬೆರಳು ಎಲ್ಲಿ ತಡೆಯುತ್ತದೆ ಎಂದು ಬರೆದುಕೊಳ್ಳುತ್ತೇನೆ. ತಿದ್ದಿದ ಮೇಲೆ ಬೇರೆ 5 ಜನ ಬೇಕು, ಮೊದಲಿನವರಿಗೆ ದಾರಿ ಗೊತ್ತಾಗಿರುತ್ತದೆ.

ಬಿಡುಗಡೆಯಾದ ಮೇಲೆ ಸ್ಟಾರ್ಟಪ್ ಮಾರ್ಕೆಟಿಂಗ್ ತಜ್ಞ ಸೀನ್ ಎಲ್ಲಿಸ್ ಹೇಳಿಕೊಟ್ಟ ಪ್ರಶ್ನೆ: ‘ಈ ಆಪ್ ಇನ್ನು ಸಿಗದಿದ್ದರೆ ಹೇಗನ್ನಿಸುತ್ತದೆ?’ ‘ತುಂಬಾ ಬೇಸರ’ ಎನ್ನುವವರು ಕನಿಷ್ಠ 40% ಇದ್ದರೆ ಆಪ್ ಜನರಿಗೆ ನಿಜಕ್ಕೂ ಬೇಕಾಗಿದೆ ಎಂದರ್ಥ. ಇದನ್ನು ಒಂದೇ ಸಲ ತೆರೆದು ಬಿಟ್ಟವರಿಗೆ ಕೇಳಿದರೆ ಉತ್ತರ ಪೊಳ್ಳು. ಎರಡು ವಾರದಲ್ಲಿ ಎರಡು ಸಲವಾದರೂ ಬಳಸಿದವರನ್ನು ಕೇಳಿ. ಮುಂದಿನ ಫೀಚರ್ ಆರಿಸುವಾಗ ‘ಸ್ವಲ್ಪ ಬೇಸರ’ ಎಂದವರಿಗೆ ಏನು ಅಡ್ಡ ಬಂತು ಎಂದು ಮೊದಲು ಓದುತ್ತೇನೆ.