ಕರೆಂಟ್ ಹೋದಾಗ ಮೇಲ್ ಏನಾಗುತ್ತದೆ: ಸರ್ವರ್ ನೋಡಿಕೊಳ್ಳುವವರಿಗೆ

ಮಂಗಳೂರು, ಉಡುಪಿಯ ಕಡೆ ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡಿರುವ ಕಚೇರಿಗಳಿಗೆ ಜೂನ್ ತಿಂಗಳು ಬಂತೆಂದರೆ ಒಂದು ಚಿಂತೆ ಹತ್ತಿಕೊಳ್ಳುತ್ತದೆ: ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗಿ, ಯುಪಿಎಸ್ ಕೂಡ ಖಾಲಿಯಾದರೆ, ಆ ಹೊತ್ತಿನಲ್ಲಿ ಬರುವ ಪತ್ರಗಳ ಗತಿಯೇನು? ಸರ್ವರ್ ಪೂರ್ತಿ ಮಲಗಿದ್ದರೆ ಹೆದರಬೇಕಾಗಿಲ್ಲ. ಕಳುಹಿಸುವ ಸರ್ವರ್ ಪತ್ರವನ್ನು ತನ್ನ ಕ್ಯೂನಲ್ಲಿಯೇ (ಕಾಯುವ ಸಾಲಿನಲ್ಲಿ) ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಬೇಕು; ಮೇಲ್ ಸಾಗಣೆಯ ನಿಯಮಗಳನ್ನು ಹೇಳುವ 2008ರ ದಾಖಲೆ ಆರ್‌ಎಫ್‌ಸಿ 5321 ಪ್ರಕಾರ ಎರಡು ಪ್ರಯತ್ನಗಳ ನಡುವೆ ಸಾಮಾನ್ಯವಾಗಿ 30 ನಿಮಿಷವಾದರೂ ಇರಬೇಕು, ಕೈಬಿಡುವ ಮುನ್ನ 4–5 ದಿನವಾದರೂ ಕಾಯಬೇಕು.

ಹೆದರಬೇಕಾದದ್ದು ಸರ್ವರ್ ಅರ್ಧ ಎದ್ದಿರುವಾಗ. ಮಂಗಳೂರಿನ ಒಂದು ಕಚೇರಿಯಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಎರಡು ಗಂಟೆ ಕರೆಂಟ್ ಇಲ್ಲದಿದ್ದಾಗ ಒಂದು ಪತ್ರವೂ ಕಳೆದುಹೋಗಲಿಲ್ಲ. ಕರೆಂಟ್ ಬಂದ ಮೇಲೆ ಮೇಲ್ ಸರ್ವರ್ ಮೊದಲು ಎದ್ದಿತು, ಬಳಕೆದಾರರ ಪಟ್ಟಿಯಿದ್ದ ಡಿಸ್ಕ್ ಮಾತ್ರ ಮೌಂಟ್ ಆಗಿರಲಿಲ್ಲ, ಅಂದರೆ ಸರ್ವರ್‌ಗೆ ಇನ್ನೂ ಜೋಡಣೆಯಾಗಿರಲಿಲ್ಲ. ಪಟ್ಟಿ ಖಾಲಿ ಕಂಡದ್ದರಿಂದ ಸರ್ವರ್ ಬಂದವರಿಗೆಲ್ಲ ‘550, ಅಂಥ ಬಳಕೆದಾರರಿಲ್ಲ’ ಎಂದು ಉತ್ತರಿಸುತ್ತ ಹೋಯಿತು, ಕಳುಹಿಸಿದವರೆಲ್ಲರಿಗೂ ಪತ್ರಗಳು ಬೌನ್ಸ್ ಆಗಿ ಮರಳಿದವು.

ಉತ್ತರದ ಮೊದಲ ಅಂಕಿಯಲ್ಲಿಯೇ ಎಲ್ಲವೂ ಇದೆ. 4ರಿಂದ ಆರಂಭವಾಗುವ ಕೋಡ್ ಎಂದರೆ ತಾತ್ಕಾಲಿಕ ತೊಂದರೆ, ಆಮೇಲೆ ಬನ್ನಿ; 5ರಿಂದ ಆರಂಭವಾದರೆ ಶಾಶ್ವತ ನಿರಾಕರಣೆ, ಇದೇ ಪತ್ರವನ್ನು ಮತ್ತೆ ತರಬೇಡಿ. ಡೇಟಾಬೇಸ್ ಸಿಗದಿದ್ದರೆ 451, ಡಿಸ್ಕ್ ತುಂಬಿದ್ದರೆ 452 ಹೇಳಬೇಕೇ ಹೊರತು, ತನಗೇ ಗೊತ್ತಿಲ್ಲದ ಸಂಗತಿಗೆ 550 ಹೇಳಕೂಡದು. ಆದ್ದರಿಂದ ಡಿಸ್ಕ್ ಮತ್ತು ಡೇಟಾಬೇಸ್ ಸಿದ್ಧವಾದ ಮೇಲಷ್ಟೇ ಹೊರಗಿನ ಮೇಲ್ ಒಳಬರುವ ಬಾಗಿಲಾದ 25ನೇ ಪೋರ್ಟ್ ತೆರೆಯುವಂತೆ ಕ್ರಮ ಹಾಕಿಡಿ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಬಳಸುವವರು, ಎಲ್ಲವೂ ಸರಿಯಿದೆಯೆಂದು ಖಚಿತವಾಗುವವರೆಗೆ ಸಾಫ್ಟ್ ಬೌನ್ಸ್ ಆಯ್ಕೆಯನ್ನು ಆನ್ ಮಾಡಿಟ್ಟರೆ, ತಪ್ಪಿ ಬಂದ 5ರ ಕೋಡ್ ಕೂಡ 4ರದ್ದಾಗಿ ಹೊರಹೋಗುತ್ತದೆ.

ನೀವು ಕಳುಹಿಸುವ ಕಡೆಯಲ್ಲಿದ್ದಾಗ 4 ಕಂಡರೆ ಕಾಯಬೇಕು, 5 ಕಂಡರೆ ತಡಮಾಡದೆ ಕಳುಹಿಸಿದವರಿಗೆ ತಿಳಿಸಬೇಕು. ಹಾಗೆ ತಿಳಿಸುವ ಬೌನ್ಸ್ ಪತ್ರದ ಲಕೋಟೆಯಲ್ಲಿ (ಸರ್ವರ್‌ಗಳು ಪರಸ್ಪರ ಹೇಳಿಕೊಳ್ಳುವ ವಿಳಾಸಗಳಲ್ಲಿ) ಕಳುಹಿಸಿದವರ ವಿಳಾಸ ಖಾಲಿಯಿರಲೇಬೇಕು, ಇಲ್ಲವಾದರೆ ಎರಡು ಸರ್ವರ್‌ಗಳು ಬೌನ್ಸ್‌ಗೆ ಬೌನ್ಸ್ ಕಳುಹಿಸುತ್ತ ಕೂರುತ್ತವೆ. ಪೋಸ್ಟ್‌ಫಿಕ್ಸ್ ಡಿಫಾಲ್ಟ್ ಆಗಿ 5 ದಿನ ಪ್ರಯತ್ನಿಸುತ್ತದೆ, ಆದರೆ ತಡವಾಗಿದೆಯೆಂಬ ಸೂಚನೆಯನ್ನು ಕಳುಹಿಸುವುದಿಲ್ಲ. ಪತ್ರ 4 ಗಂಟೆ ತಡವಾದರೆ ಆ ಸೂಚನೆ ಹೋಗುವಂತೆ ಹೊಂದಿಸಿಡಿ, ಅವಸರದ ವಿಷಯವಾದರೆ ಜನ ಫೋನ್ ಮಾಡಿಯಾದರೂ ಹೇಳುತ್ತಾರೆ.

ಇನ್ನು ಮುಖ್ಯ ಸರ್ವರ್ ಸಿಗದಿದ್ದಾಗ ಪತ್ರ ತೆಗೆದಿಟ್ಟುಕೊಳ್ಳುವ ಬ್ಯಾಕಪ್ ಸರ್ವರ್. ನಿಮ್ಮ ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಡಿಎನ್ಎಸ್‌ನಲ್ಲಿ (ಇಂಟರ್ನೆಟ್ಟಿನ ವಿಳಾಸ ಪುಸ್ತಕದಲ್ಲಿ) ಹೇಳುವ ಎಂಎಕ್ಸ್ ದಾಖಲೆಯಲ್ಲಿ ಚಿಕ್ಕ ಸಂಖ್ಯೆಯ ಸರ್ವರ್‌ಗೆ ಮೊದಲ ಆದ್ಯತೆ. ಮುಖ್ಯ ಸರ್ವರ್‌ಗೆ 10, ಬ್ಯಾಕಪ್‌ಗೆ 20 ಕೊಡುವುದು ರೂಢಿ. ಆದರೆ ಸ್ಪ್ಯಾಮ್ ಕಳುಹಿಸುವವರು, ಕಾವಲು ಸಡಿಲವಿರುತ್ತದೆಂದು ನೇರವಾಗಿ 20ರ ಬಾಗಿಲನ್ನೇ ತಟ್ಟುತ್ತಾರೆ. ಬಳಕೆದಾರರ ಪಟ್ಟಿಯಿಲ್ಲದ ಬ್ಯಾಕಪ್ ಎಲ್ಲದಕ್ಕೂ ‘250, ಸರಿ’ ಎಂದು ಒಪ್ಪಿಕೊಳ್ಳುತ್ತದೆ, ಅಲ್ಲಿಂದ ಆ ಪತ್ರದ ಹೊಣೆ ಅದರದ್ದು. ಮುಂದೆ ಮುಖ್ಯ ಸರ್ವರ್ ನಿರಾಕರಿಸಿದಾಗ ಬ್ಯಾಕಪ್ ಬೌನ್ಸ್ ಕಳುಹಿಸುತ್ತದೆ, ಅದು ಹೋಗುವುದು ಸ್ಪ್ಯಾಮಿನಲ್ಲಿ ವಿಳಾಸ ಕದ್ದು ಬಳಸಲಾದ ಯಾರೋ ನಿರಪರಾಧಿಗೆ. ಕೆಲವೇ ದಿನಗಳಲ್ಲಿ ನಿಮ್ಮ ಸರ್ವರ್‌ನ ಐಪಿ ವಿಳಾಸ ಕಪ್ಪುಪಟ್ಟಿಗೆ ಸೇರಬಹುದು.

ಹೀಗಾಗಿ ಹತ್ತಿಪ್ಪತ್ತು ಜನರ ಕಚೇರಿಗೆ ಬ್ಯಾಕಪ್ ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ. ಕಳುಹಿಸುವವರ ಕ್ಯೂ ಸಾಕು. ಇಡಲೇಬೇಕೆಂದರೆ ಮುಖ್ಯ ಸರ್ವರ್‌ನ ಬಳಕೆದಾರರ ಪಟ್ಟಿ ಮತ್ತು ಸ್ಪ್ಯಾಮ್ ಫಿಲ್ಟರ್ ಎರಡೂ ಅದರಲ್ಲಿಯೂ ಇರಲಿ, ಕ್ಯೂ ಅವಧಿ 5 ದಿನಕ್ಕಿಂತ ಹೆಚ್ಚಿರಲಿ, ಸ್ಥಳವೂ ದೂರವಿರಲಿ. ಮಂಗಳೂರಿನೊಳಗೇ ಕದ್ರಿಯಲ್ಲೊಂದು, ಬಲ್ಮಠದಲ್ಲೊಂದು ಇಟ್ಟರೆ ಒಂದೇ ಮಳೆಗೆ ಎರಡೂ ಮಲಗುತ್ತವೆ. ಸಿದ್ಧವಾದ ಮೇಲೆ ಹೊರಗಿನ ನೆಟ್‌ವರ್ಕ್‌ನಿಂದ ಬ್ಯಾಕಪ್‌ಗೆ ನೇರವಾಗಿ ಸಂಪರ್ಕಿಸಿ, ನಿಮ್ಮ ಡೊಮೇನ್‌ನಲ್ಲಿ ಇಲ್ಲದ ಹೆಸರೊಂದಕ್ಕೆ ಪತ್ರ ಕೊಟ್ಟು ನೋಡಿ: 550 ಬಂದರೆ ಡಿಎನ್ಎಸ್‌ಗೆ ಸೇರಿಸಿ, 250 ಬಂದರೆ ಸೇರಿಸಬೇಡಿ.