ಟಾಸ್ಕ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟುವ ಮುಂಚೆ ಇದನ್ನು ಓದಿ

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಮಾಡುವವರಿಗೆ ನೆನಪಿಡಬೇಕಾದ ಕೆಲಸ ಜಾಸ್ತಿ. ಹುಳು ಜ್ವರಕ್ಕೆ (ಅಂದ್ರೆ ಪೊರೆ ಬಿಡುವುದಕ್ಕೆ) ಕೂತಾಗ ಸುಣ್ಣದ ಪುಡಿ, ಜ್ವರ ಎದ್ದ ಮೇಲೆ ಸೊಪ್ಪು, ನಡುವೆ ಸಂಘದ ಕಂತು. ಅದಕ್ಕೇ ಒಂದು ಟಾಸ್ಕ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ. ಈ ಸಲ ರೇಟು ಏರಿಸಿದರು. ಸಿಟ್ಟಿನಲ್ಲಿ ಆ್ಯಪ್ ಅಳಿಸಿ ಸುಮ್ನಾದೆ. ಆದರೂ ಖಾತೆಯಿಂದ ದುಡ್ಡು ಹೋಯಿತು!

ತಪ್ಪು ನನ್ನದೇ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಮೇಲಿರುವ ನಿಮ್ಮ ಫೋಟೊ ಒತ್ತಿ, ಸಬ್‌ಸ್ಕ್ರಿಪ್ಶನ್ ಒಳಗೆ ಹೋಗಿ ರದ್ದು ಮಾಡಬೇಕು. ಯುಪಿಐ ಆಟೊಪೇ (ದುಡ್ಡು ತಾನಾಗೇ ಹೋಗುವ ಒಪ್ಪಿಗೆ) ಕೊಟ್ಟಿದ್ದರೆ ಆ ಯುಪಿಐ ಆ್ಯಪ್‌ನಲ್ಲೂ ನೋಡಿ. ದುಡ್ಡು ಹೋಗುವ 24 ಗಂಟೆ ಮುಂಚೆಯೇ ಮೆಸೇಜ್ ಬರುತ್ತದೆ, ನಾವು ಓದಬೇಕಲ್ವಾ.

ಒಬ್ಬರೇ ಬಳಸುವುದಾದರೆ ಗೂಗಲ್ ಟಾಸ್ಕ್ಸ್ ಸಾಕು. ಉಚಿತ, ಕ್ಯಾಲೆಂಡರ್‌ನಲ್ಲೂ ಕಾಣುತ್ತದೆ. ಆದರೆ ಪಟ್ಟಿಯನ್ನು ಮನೆಯವರ ಜೊತೆ ಹಂಚಿಕೊಳ್ಳಲು ಆಗುವುದಿಲ್ಲ. ನನಗೆ ಬೇಕಿದ್ದದ್ದೇ ಅದು. ಹಾಗಾಗಿ ಮೈಕ್ರೋಸಾಫ್ಟ್ ಟು ಡೂಗೆ ಬಂದೆ, ಇದಕ್ಕೂ ದುಡ್ಡಿಲ್ಲ. ‘ಹುಳುಮನೆ’ ಅಂತ ಒಂದು ಪಟ್ಟಿ ಮಾಡಿ ತಮ್ಮನಿಗೆ ಲಿಂಕ್ ಕಳಿಸಿದೆ. ಅವನು ರಾತ್ರಿ ಸೊಪ್ಪು ಹಾಕಿ ಟಿಕ್ ಮಾಡಿದರೆ, ನಾನು ಎಲ್ಲಿದ್ದರೂ ಗೊತ್ತಾಗುತ್ತದೆ. ‘ಹಾಕಿದೆಯಾ?’ ಅಂತ ಫೋನ್ ಮಾಡುವುದು ತಪ್ಪಿತು. ಟೊಡೊಯಿಸ್ಟ್ ಆ್ಯಪ್ ಕೂಡ ಚೆನ್ನಾಗಿದೆ, ಆದರೆ ಉಚಿತದಲ್ಲಿ 5 ಪ್ರಾಜೆಕ್ಟ್ (ಅಂದ್ರೆ ಪಟ್ಟಿ) ಮಾತ್ರ.

ಉಚಿತದ್ದೂ ಒಂದು ದಿನ ನಿಲ್ಲಬಹುದು. ವಂಡರ್‌ಲಿಸ್ಟ್ ಅನ್ನೋ ಟಾಸ್ಕ್ ಆ್ಯಪ್ 2020ರಲ್ಲಿ ಮುಚ್ಚಿತು. ಅದಕ್ಕೇ ಪಟ್ಟಿಯನ್ನು ಹೊರಗೆ ತೆಗೆಯುವ ದಾರಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕಟ್ಟಲೇಬೇಕು ಅಂದರೆ ತಿಂಗಳ ಲೆಕ್ಕದಲ್ಲಿ ಕಟ್ಟಿ, ಒಂದು ಬೆಳೆ ಪೂರ್ತಿ ಬಳಸಿ ನೋಡಿ.